ಹಳೇ ಜೀಪ್ ಪಿಕಪ್‌ಗೆ ವಾಟರ್ ಪಂಪ್: ಕಟ್ಟಿಸೋದಾ, ಹೊಸದಾ, ಗುಜರಿಯದ್ದಾ, ಎಲೆಕ್ಟ್ರಿಕ್ಕಾ?

ಹಳೇ ವಿಲ್ಲಿಸ್ ಟ್ರಕ್ಕೋ ಮಹೀಂದ್ರದ ಎಫ್‌ಸಿ-150 ಪಿಕಪ್ಪೋ ಇಟ್ಟುಕೊಂಡವರಿಂದ ಒಂದು ಪ್ರಶ್ನೆ ಮೇಲಿಂದ ಮೇಲೆ ಬರುತ್ತದೆ. "ವಾಟರ್ ಪಂಪ್ ಸೋರ್ತಾ ಇದೆ. ಮೇಸ್ತ್ರಿ ಹೊಸದು ತಂದುಬಿಡಿ ಅಂತಾರೆ. ಅಂಗಡಿಯವರು ಈಗ ಬರೋದೆಲ್ಲ ಲೋಕಲ್ ಮಾಲು, ಹಳೇದನ್ನೇ ಬಿಚ್ಚಿ, ಒಳಗಿನ ಸಾಮಾನು ಬದಲಿಸಿ ಕಟ್ಟಿಸಿ ಅಂತಾರೆ. ಗೆಳೆಯ ಅಮೆರಿಕದಿಂದ ತರಿಸು ಅಂತಾನೆ. ಇನ್ನೊಬ್ಬ ಎಲೆಕ್ಟ್ರಿಕ್ ಪಂಪ್ ಹಾಕಿಬಿಡು, ತಲೆನೋವೇ ಇರಲ್ಲ ಅಂತಾನೆ. ಯಾರ ಮಾತು ಕೇಳಲಿ?"

ವಾಟರ್ ಪಂಪ್ ಅಂದರೆ ಎಂಜಿನ್ನಿಗೂ ರೇಡಿಯೇಟರಿಗೂ ನಡುವೆ ನೀರು ಸುತ್ತಿಸಿ ಎಂಜಿನ್ ತಣ್ಣಗಿಡುವ ಪಂಪ್. ನಾಲ್ಕೂ ಮಾತು ಒಂದೊಂದು ಗಾಡಿಗೆ ಸರಿಯೇ. ನಿಮ್ಮ ಗಾಡಿಗೆ ಯಾವುದು ಅನ್ನೋದನ್ನ ಇಲ್ಲಿ ನೋಡೋಣ.

ಯಾವ ಎಂಜಿನ್ ಬಗ್ಗೆ ಮಾತು ಅನ್ನೋದು ಮೊದಲು ಸ್ಪಷ್ಟವಾಗಲಿ. ಹರಿಕೇನ್ ಅಂತ ಕರೆಯುವ, ನಾಲ್ಕು ಸಿಲಿಂಡರಿನ, 2,199 ಸಿಸಿ ಪೆಟ್ರೋಲ್ ಎಂಜಿನ್. ಅಮೆರಿಕದ ವಿಲ್ಲಿಸ್ ಕಂಪನಿ ಇದನ್ನು 1950ರಲ್ಲಿ ತನ್ನ ಪಿಕಪ್ ಟ್ರಕ್ಕಿಗೆ ಕೂರಿಸಿತು. ಆಮೇಲೆ ಸಿಜೆ-3ಬಿ ಜೀಪಿಗೂ ಎಫ್‌ಸಿ-150ಗೂ ಅದೇ ಬಂತು. ನಮ್ಮಲ್ಲಿ ಮಹೀಂದ್ರದವರು ದಶಕಗಟ್ಟಲೆ ಜೀಪ್ ಮಾಡಿದ್ದರಿಂದ ಈ ಎಂಜಿನ್ನಿನ ಸಾಮಾನು ಇವತ್ತಿಗೂ ಸಿಗುತ್ತದೆ. ಹಳೇ ಫಾರ್ಗೋ, ಡಾಡ್ಜ್ ಪಿಕಪ್ ಇರುವವರಿಗೆ ಈ ಅದೃಷ್ಟ ಇಲ್ಲ.

ಪಂಪೇ ಕೆಟ್ಟಿದೆಯಾ?

ಹೀಟ್ ಆಗುತ್ತೆ ಅಂದ ತಕ್ಷಣ ಪಂಪ್ ಬಿಚ್ಚೋದು ನಮ್ಮ ಗ್ಯಾರೇಜುಗಳ ರೂಢಿ. ಸ್ವಲ್ಪ ತಡೆಯಿರಿ. ಎಂಜಿನ್ ಆಫ್ ಮಾಡಿ, ಫ್ಯಾನಿನ ಎಲೆಯ ತುದಿ ಹಿಡಿದು ಹಿಂದಕ್ಕೂ ಮುಂದಕ್ಕೂ ಅಲ್ಲಾಡಿಸಿ. ಶಾಫ್ಟಿನಲ್ಲಿ ಆಟ ಇದ್ದರೆ ಕೈಗೇ ಗೊತ್ತಾಗುತ್ತದೆ. ಪಂಪಿನ ಹೊಟ್ಟೆಯ ಕೆಳಗಡೆ ಒಂದು ಸಣ್ಣ ತೂತು ಇರುತ್ತದೆ. ಅಲ್ಲಿ ತುಕ್ಕಿನ ಗೆರೆ ಇಳಿದಿದ್ದರೆ ಸೀಲ್ ಹೋಗಿದೆ ಅಂತ ಅರ್ಥ. ಆ ತೂತಿಗೆ ಎಂ-ಸೀಲ್ ಮೆತ್ತಿ "ಲೀಕ್ ನಿಲ್ಲಿಸಿದೆ" ಅನ್ನುವವರಿದ್ದಾರೆ. ಹಾಗೆ ಮಾಡಿದರೆ ನೀರು ಹೊರಗೆ ಬರೋ ಬದಲು ಬೇರಿಂಗಿನೊಳಗೆ ಹೋಗುತ್ತದೆ ಅಷ್ಟೆ.

ಗರಗರ ಸದ್ದು ಬರ್ತಾ ಇದ್ದರೆ ಬೆಲ್ಟ್ ತೆಗೆದು ಅರ್ಧ ನಿಮಿಷ ಮಾತ್ರ ಎಂಜಿನ್ ಓಡಿಸಿ. ಸದ್ದು ನಿಂತರೆ ಪಂಪ್ ಅಥವಾ ಡೈನಮೋ, ಎರಡರಲ್ಲೊಂದು. ಎರಡನ್ನೂ ಕೈಯಲ್ಲಿ ತಿರುಗಿಸಿದರೆ ಯಾವುದು ಅಂತ ತಿಳಿಯುತ್ತದೆ. ಸೋರಿಕೆಯೂ ಇಲ್ಲ, ಆಟವೂ ಇಲ್ಲ, ಆದರೂ ಹೀಟ್ ಆಗ್ತಿದೆ ಅಂದರೆ ರೇಡಿಯೇಟರ್ ಕಟ್ಟಿಕೊಂಡಿರಬಹುದು, ಥರ್ಮೋಸ್ಟಾಟ್ ತೆರೆಯದೇ ಇರಬಹುದು. ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದು ಎಂಜಿನ್ ಸ್ಟಾರ್ಟ್ ಮಾಡಿ ನೋಡಿ. ನೀರಿನಲ್ಲಿ ಬಿಡದೆ ಗುಳ್ಳೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಇವಕ್ಕೆಲ್ಲ ಹೊಸ ಪಂಪ್ ಮದ್ದಲ್ಲ.

ಇನ್ನೊಂದು ವಿಷಯ. ನಮ್ಮ ಕಡೆ ಹಳೇ ಜೀಪು, ಪಿಕಪ್ಪುಗಳಲ್ಲಿ ಎಷ್ಟೋ ಗಾಡಿಗಳು ಯಾವಾಗಲೋ ಡೀಸೆಲ್‌ಗೆ ಬದಲಾಗಿವೆ. ಟ್ರ್ಯಾಕ್ಟರ್ ಮೂಲದ ಇಂಟರ್‌ನ್ಯಾಷನಲ್ ಡೀಸೆಲ್, ಪ್ಯೂಜೋ ಡೀಸೆಲ್ ಹೀಗೆ. ಬಾನೆಟ್ ಮೇಲೆ ವಿಲ್ಲಿಸ್ ಅಂತ ಬರೆದಿದೆ ಅಂತ ವಿಲ್ಲಿಸ್ ಪಂಪ್ ಕೊಳ್ಳಬೇಡಿ. ಪಂಪ್ ಎಂಜಿನ್ನಿಗೆ, ಗಾಡಿಯ ಹೆಸರಿಗಲ್ಲ.

ಏನನ್ನು ನೋಡಿ ಆರಿಸಬೇಕು

ಈ ಎಂಜಿನ್ನಿನಲ್ಲಿ ರೇಡಿಯೇಟರ್ ಫ್ಯಾನ್ ಪಂಪಿನ ಮೂತಿಗೇ ಬೋಲ್ಟ್ ಆಗಿರುತ್ತದೆ. ಈಗಿನ ಕಾರುಗಳಲ್ಲಿ ಪಂಪ್ ಒಂದು ಕಡೆ, ಕರೆಂಟಿನ ಫ್ಯಾನ್ ಇನ್ನೊಂದು ಕಡೆ. ಇಲ್ಲಿ ನೀರು ತಳ್ಳುವ ಇಂಪೆಲ್ಲರ್ ಶಾಫ್ಟಿನ ಒಂದು ತುದಿಗೆ, ಪುಲ್ಲಿ ಮತ್ತು ಕಬ್ಬಿಣದ ಫ್ಯಾನ್ ಇನ್ನೊಂದು ತುದಿಗೆ. ಅದರ ಮೇಲೆ ಬೆಲ್ಟಿನ ಎಳೆತ ಬೇರೆ. ಇಷ್ಟೂ ಭಾರ ಹೊರೋದು ಒಂದೇ ಒಂದು ಬೇರಿಂಗ್. ಶಾಫ್ಟೂ ಬೇರಿಂಗೂ ಸೇರಿ ಒಂದೇ ತುಂಡು. ಒಳಗೆ ಎರಡು ಸಾಲು ಬಾಲ್‌ಗಳಿರುತ್ತವೆ, ಗ್ರೀಸ್ ಫ್ಯಾಕ್ಟರಿಯಲ್ಲೇ ತುಂಬಿ ಮುಚ್ಚಿರುತ್ತಾರೆ.

ಆ ಬೇರಿಂಗನ್ನು ನೀರಿನಿಂದ ಕಾಯೋದು ಸೀಲ್. ಸೀಲ್ ಸೋತರೆ ನೀರು ಗ್ರೀಸನ್ನು ತೊಳೆಯುತ್ತದೆ. ಗ್ರೀಸ್ ಹೋದರೆ ಬೇರಿಂಗ್ ಸವೆಯುತ್ತದೆ. ಬೇರಿಂಗ್ ಸವೆದರೆ ಫ್ಯಾನ್ ತೂಗಾಡಿ ರೇಡಿಯೇಟರಿಗೆ ಬಡಿಯುತ್ತದೆ. ಒಂದು ಸಣ್ಣ ಸೀಲು ಮಾಡಿದ ತಪ್ಪಿಗೆ ರೇಡಿಯೇಟರ್ ದಂಡ ಕಟ್ಟುತ್ತದೆ.

ಅದಕ್ಕೇ ನನ್ನ ಲೆಕ್ಕದಲ್ಲಿ ಮೊದಲ ಅಳತೆಗೋಲು ಬೇರಿಂಗ್ ಮತ್ತು ಸೀಲ್. ಹೊರಗಿನ ಬಾಡಿ ಬರೀ ಎರಕದ ಕಬ್ಬಿಣ. ಸರಿಯಾಗಿ ನೋಡಿಕೊಂಡರೆ ಅದು ನಮಗಿಂತ ಜಾಸ್ತಿ ದಿನ ಬಾಳುತ್ತದೆ. ಜನ ಪಂಪ್ ಕೊಳ್ಳುವಾಗ ಬಾಡಿಗೆ ಹೊಡೆದ ಹೊಸ ಬಣ್ಣ ನೋಡ್ತಾರೆ. ನೋಡಬೇಕಾದ್ದು ಒಳಗೆ ಇರೋದು.

ಎರಡನೆಯದು ಅಳತೆ. ಗೋ-ಡೆವಿಲ್ (ವಿಲ್ಲಿಸ್‌ನವರ ಇದಕ್ಕಿಂತ ಹಿಂದಿನ ಎಂಜಿನ್), ಹರಿಕೇನ್ ಎರಡಕ್ಕೂ ಕೂರುತ್ತೆ ಅಂತ ಮಾರುವ ಪಂಪುಗಳಲ್ಲೂ ಪುಲ್ಲಿ ಬೇರೆ ಬೇರೆ ಇರುತ್ತದೆ. ಅಗಲ ಬೆಲ್ಟಿನದು ಒಂದು, ಸಣ್ಣ ಬೆಲ್ಟಿನದು ಒಂದು, ಎರಡು ಬೆಲ್ಟಿನದು ಇನ್ನೊಂದು. ಅಗಲ ಬೆಲ್ಟಿನ ಪುಲ್ಲಿಗೆ ಸಣ್ಣ ಬೆಲ್ಟ್ ಹಾಕಿದರೆ ಅದು ತಳಕ್ಕೆ ಇಳಿದು ಜಾರುತ್ತದೆ. ಪಂಪ್ ಹೊಸದು, ಆದರೂ ಹೀಟ್.

ಮೂರನೆಯದು ಗಾಡಿಯ ಕೆಲಸ. ತೋಟದೊಳಗೆ ಗೊಬ್ಬರ ಹೊರುವ ಪಿಕಪ್ ಬೇರೆ, ಭಾನುವಾರ ಮಾತ್ರ ಹೊರಬರುವ ಪಿಕಪ್ ಬೇರೆ, ಚಾರ್ಮಾಡಿ, ಆಗುಂಬೆ ಹತ್ತಿಸುವ ಪಿಕಪ್ ಇನ್ನೂ ಬೇರೆ. ಘಾಟಿಯಲ್ಲಿ ಎರಡನೇ ಗೇರಿನಲ್ಲಿ ಲೋಡ್ ಎಳೆಯುವಾಗ ಗಾಡಿಯ ವೇಗದಿಂದ ಬರೋ ಗಾಳಿ ಕಮ್ಮಿ, ಎಲ್ಲ ಫ್ಯಾನಿನ ಮೇಲೇ ನಿಂತಿದೆ. ಜೊತೆಗೆ ಎತ್ತರ ಏರಿದಂತೆ ನೀರು ಬೇಗ ಕುದಿಯುತ್ತದೆ. ಸಮುದ್ರಮಟ್ಟದಲ್ಲಿ 100 ಡಿಗ್ರಿ, ಮಡಿಕೇರಿಯಲ್ಲಿ ಸುಮಾರು 96 ಡಿಗ್ರಿ ಅಷ್ಟೆ. ಒತ್ತಡ ಹಿಡಿಯುವ ಮುಚ್ಚಳ ಸರಿಯಿಲ್ಲದ ಹಳೇ ಗಾಡಿಗೆ ಈ ನಾಲ್ಕು ಡಿಗ್ರಿ ಸಣ್ಣದೇನಲ್ಲ.

ನಾಲ್ಕನೆಯದು ಮೂಲರೂಪ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆಯದೇ ನಿಯಮ ತಂತು. 50 ವರ್ಷ ದಾಟಿದ, ಮೂಲರೂಪದಲ್ಲೇ ಇರುವ, ದೊಡ್ಡ ಬದಲಾವಣೆ ಆಗದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ 'ವಿಎ' ಅಕ್ಷರ ಇರುವ ನಂಬರ್. ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ. ದಿನನಿತ್ಯದ ಓಡಾಟಕ್ಕೂ ಬಾಡಿಗೆಗೂ ಆ ಗಾಡಿ ಬಳಸುವ ಹಾಗಿಲ್ಲ. ಆ ದಾರಿಗೆ ಹೋಗುವ ಯೋಚನೆ ಇದ್ದರೆ, ಕಳಚಿ ಮೊದಲಿನಂತೆ ಮಾಡಲಾಗದ ಬದಲಾವಣೆ ಯಾವುದನ್ನೂ ಮಾಡದಿರೋದು ಒಳ್ಳೇದು.

ದುಡ್ಡು, ಕಾಯುವ ತಾಳ್ಮೆ ಎರಡೂ ಕೊನೆಗೆ ಬರುತ್ತವೆ. ಅವು ಎಲ್ಲರಿಗೂ ಗೊತ್ತಿರೋ ಲೆಕ್ಕ.

ಹಳೇ ಪಂಪನ್ನೇ ಕಟ್ಟಿಸೋದು

ನಿಮ್ಮ ಪಂಪಿನ ಬಾಡಿ ಬಿರುಕು ಬಿಟ್ಟಿಲ್ಲ ಅಂದರೆ ನಾನು ಮೊದಲು ಇದನ್ನೇ ಹೇಳ್ತೀನಿ. ಶಾಫ್ಟ್-ಬೇರಿಂಗ್, ಸೀಲ್, ಇಂಪೆಲ್ಲರ್ ಸೇರಿದ ರಿಪೇರಿ ಕಿಟ್ ಸಿಗುತ್ತದೆ. ಖರ್ಚು ಇರೋ ದಾರಿಗಳಲ್ಲೆಲ್ಲ ಇದೇ ಕಮ್ಮಿ. ಬಾಡಿ ನಿಮ್ಮದೇ, ಹಾಗಾಗಿ ಬೋಲ್ಟ್ ತೂತು ಕೂರುತ್ತೋ ಇಲ್ವೋ, ಪುಲ್ಲಿ ಅದೇನಾ ಅನ್ನೋ ಚಿಂತೆ ಇಲ್ಲ. ಪ್ರದರ್ಶನಕ್ಕೆ ಒಯ್ದರೂ ಯಾರೂ ಬೆರಳು ತೋರಿಸಲ್ಲ.

ಇಲ್ಲಿರುವ ತೊಡಕು ಒಂದೇ: ಕೆಲಸ ಮಾಡುವ ಕೈ. ಬೇರಿಂಗನ್ನು ಪ್ರೆಸ್‌ನಲ್ಲಿ ಒತ್ತಿ ಕೂರಿಸಬೇಕು, ಅದೂ ಹೊರಗಿನ ರಿಂಗ್ ಮೇಲೆ ಒತ್ತಬೇಕು. ಸುತ್ತಿಗೆಯಿಂದ ಶಾಫ್ಟಿನ ತುದಿಗೆ ಹೊಡೆದರೆ ಬಾಲ್‌ಗಳು ಓಡುವ ದಾರಿಯಲ್ಲಿ ಸಣ್ಣ ಗುಳಿ ಬೀಳುತ್ತವೆ. ಕಣ್ಣಿಗೆ ಕಾಣಲ್ಲ, ಆ ದಿನ ಸದ್ದೂ ಬರಲ್ಲ. ಸ್ವಲ್ಪ ದಿನಕ್ಕೆ ಗರಗರ ಶುರು. ಆಮೇಲೆ "ಕಿಟ್ಟೇ ಸರಿಯಿಲ್ಲ" ಅನ್ನೋ ಮಾತು ಬರುತ್ತದೆ. ಲೇತ್ ಅಂಗಡಿಗೆ ಕೊಡುವ ಮೊದಲು "ಪ್ರೆಸ್ ಇದೆಯಾ?" ಅಂತ ಕೇಳಿ. ಇಲ್ಲ ಅಂದರೆ ಮುಂದಿನ ಅಂಗಡಿಗೆ ನಡೆಯಿರಿ. ಟ್ರ್ಯಾಕ್ಟರ್ ರಿಪೇರಿ ಜೋರಾಗಿರುವ ಊರಲ್ಲಿ ಪಂಪ್ ಕಟ್ಟೋ ಕೈ ಸಿಗೋದು ಸುಲಭ. ಬೆಂಗಳೂರಲ್ಲಾದರೆ ಜೆ.ಸಿ. ರಸ್ತೆ, ಕಲಾಸಿಪಾಳ್ಯದ ಸುತ್ತ ವಿಚಾರಿಸಿ.

ಬಿಚ್ಚುವ ಮೊದಲು ಒಂದು ಕೆಲಸ ನೀವೇ ಮಾಡಿ. ಪಂಪನ್ನು ಮೇಜಿನ ಮೇಲೆ ಇಟ್ಟು, ಬ್ಲಾಕಿಗೆ ಕೂರುವ ಮುಖದಿಂದ ಫ್ಯಾನ್ ಕೂರುವ ಮುಖದವರೆಗೆ ಸ್ಕೇಲಿನಲ್ಲಿ ಅಳೆದು ಬರೆದಿಟ್ಟುಕೊಳ್ಳಿ. ವಾಪಸ್ ಬಂದಾಗ ಮತ್ತೆ ಅಳೆಯಿರಿ. ಹಬ್ಬನ್ನು, ಅಂದರೆ ಶಾಫ್ಟಿನ ತುದಿಯಲ್ಲಿ ಫ್ಯಾನ್ ಕೂರುವ ತುಂಡನ್ನು, ಎಷ್ಟು ಒಳಗೆ ಒತ್ತಬೇಕೋ ಅಷ್ಟೇ ಒತ್ತಿರಬೇಕು. ಕಮ್ಮಿ ಒತ್ತಿದ್ದರೆ ಫ್ಯಾನ್ ರೇಡಿಯೇಟರಿನ ಹತ್ತಿರ ಹೋಗುತ್ತದೆ, ಬೆಲ್ಟ್ ಓರೆಯಾಗಿ ಓಡುತ್ತದೆ. ಇಂಪೆಲ್ಲರಿನದೂ ಅದೇ ಕಥೆ. ಜಾಸ್ತಿ ಒಳಗೆ ಒತ್ತಿದ್ದರೆ ಬಾಡಿಗೆ ಉಜ್ಜುತ್ತದೆ. ಕಮ್ಮಿ ಒತ್ತಿದ್ದರೆ ಸಂದಿ ಜಾಸ್ತಿಯಾಗಿ ನೀರು ಅಲ್ಲಲ್ಲೇ ಸುತ್ತುತ್ತದೆ, ಮುಂದೆ ಹೋಗಲ್ಲ.

ಕೇಳಿ ತಿಳಿಯಬೇಕಾದ್ದು ಇನ್ನೂ ಎರಡಿವೆ. ಬಾಡಿಯೊಳಗೆ ಸೀಲ್ ಕೂರುವ ಮುಖ ನುಣ್ಣಗಿದೆಯಾ? ಅಲ್ಲಿ ತುಕ್ಕಿನ ಗುಂಡಿ ಇದ್ದರೆ ಹೊಸ ಸೀಲೂ ಸೋರುತ್ತದೆ. ಅದನ್ನು ಲೇತ್‌ನಲ್ಲಿ ತೆಳ್ಳಗೆ ಸಾಫ್ ಮಾಡಿಸಬೇಕು. ಬೇರಿಂಗನ್ನು ಹಿಡಿದಿಡುವ ತಂತಿ ಲಾಕ್ ವಾಪಸ್ ಹಾಕಿದ್ದಾರಾ? ಮರೆತರೆ ಬೇರಿಂಗ್ ಮೆಲ್ಲಗೆ ಮುಂದೆ ಸರಿಯುತ್ತದೆ, ಜೊತೆಗೆ ಫ್ಯಾನೂ.

ಹಬ್ಬಿನ ತೂತು ಸಡಿಲವಾಗಿದ್ದರೆ ಪಂಚ್ ಹೊಡೆದು ಬಿಗಿ ಮಾಡೋದು, ವೆಲ್ಡಿಂಗ್ ಚುಕ್ಕೆ ಇಡೋದು ಬೇಡ. ಅದು ತಿರುಗುವ ಕಬ್ಬಿಣದ ಫ್ಯಾನನ್ನು ಹಿಡಿದಿರುವ ಜಾಗ. ಹೊಸ ಹಬ್ ಹಾಕಿಸಿ. ಇಲ್ಲದಿದ್ದರೆ ಈ ದಾರಿಯನ್ನೇ ಬಿಡಿ.

ಇಲ್ಲೇ ಸಿಗುವ ಹೊಸ ಪಂಪ್

ನಾಳೆ ಬೆಳಿಗ್ಗೆ ಗಾಡಿ ಬೇಕು ಅನ್ನುವವರಿಗೆ ಇದೇ ದಾರಿ. ಅಂಗಡಿಗೆ ಹೋಗಿ, ದುಡ್ಡು ಕೊಟ್ಟು, ಸಂಜೆಗೆ ಕೂರಿಸಿ, ಓಡಿಸಬಹುದು. ಖರ್ಚು ಕಿಟ್‌ಗಿಂತ ಜಾಸ್ತಿ, ಆಮದಿಗಿಂತ ಕಮ್ಮಿ.

ಆದರೆ ಗುಣ ಒಂದೇ ಥರ ಇರಲ್ಲ. ಒಂದೇ ಡಬ್ಬಿ, ಒಂದೇ ಹೆಸರು, ಆದರೂ ಒಂದು ಪಂಪ್ ಗಟ್ಟಿ, ಇನ್ನೊಂದು ಬರೀ ನೋಟಕ್ಕೆ. ಹಾಗಾಗಿ ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಹಳೇ ಪಂಪ್ ಜೊತೆಗೇ ಒಯ್ಯಿರಿ, ಸುಮ್ನೆ ಮಾಡೆಲ್ ಹೆಸರು ಹೇಳಿ ತರಬೇಡಿ.

ಹಬ್ ಹಿಡಿದು ನಿಧಾನಕ್ಕೆ ತಿರುಗಿಸಿ. ಬೆರಳಿಗೆ ಮರಳು ಸಿಕ್ಕಂತೆ ಆಗಬಾರದು. ಸೀಲ್ ಹೊಸದಾದ್ದರಿಂದ ಸ್ವಲ್ಪ ಬಿಗಿ ಇರುತ್ತದೆ, ಅದು ಸರಿ. ಆ ಬಿಗಿ ಸುತ್ತಿನ ಉದ್ದಕ್ಕೂ ಒಂದೇ ಸಮ ಇರಬೇಕು. ಒಂದು ಕಡೆ ಸಡಿಲ, ಒಂದು ಕಡೆ ಬಿಗಿ ಅಂದರೆ ಶಾಫ್ಟ್ ಅಥವಾ ಹಬ್ ಓರೆ. ಆಮೇಲೆ ಪಂಪಿನ ಮುಖವನ್ನು ಅಂಗಡಿಯ ಗಾಜಿನ ಮೇಲೆ ಬೋರಲು ಇಟ್ಟು ನಾಲ್ಕೂ ಮೂಲೆ ಒತ್ತಿ ನೋಡಿ. ಟಕಟಕ ಅಂದರೆ ಮುಖ ಸಮ ಇಲ್ಲ. ಅದಕ್ಕೆ ಎಷ್ಟು ಅನಾಬಾಂಡ್ ಗಮ್ ಮೆತ್ತಿದರೂ ಸೋರುತ್ತದೆ. ಕೊನೆಗೆ ಹಳೇ ಪಂಪಿನ ಪಕ್ಕ ನಿಲ್ಲಿಸಿ ಎತ್ತರ ಹೋಲಿಸಿ, ಬೋಲ್ಟ್ ತೂತು, ಫ್ಯಾನ್ ತೂತು, ಪುಲ್ಲಿಯ ಅಗಲ, ಹೋಸ್ ಪೈಪ್ ಕೂರುವ ಬಾಯಿ ಎಲ್ಲ ನೋಡಿ.

ಇಂಪೆಲ್ಲರ್ ಎರಕದ್ದಾ ಇಲ್ಲ ತಗಡು ಬಗ್ಗಿಸಿದ್ದಾ ಅಂತಲೂ ಹಿಂದಿನಿಂದ ಇಣುಕಿ. ತಗಡಿನದು ಕೆಲಸ ಮಾಡಲ್ಲ ಅಂತಲ್ಲ. ಆದರೆ ಬೋರ್‌ವೆಲ್ ನೀರು ಹಾಕುವ ಗಾಡಿಯಲ್ಲಿ ಅದು ಬೇಗ ತುಕ್ಕು ತಿನ್ನುತ್ತದೆ. ಘಾಟಿ ಹತ್ತುವ ಗಾಡಿಗೆ ಎರಕದ್ದೇ ಇರಲಿ.

ಇಷ್ಟು ನೋಡೋಕೆ ಬಿಡದ ಅಂಗಡಿಯಲ್ಲಿ ಕೊಳ್ಳಬೇಡಿ. ಒಳ್ಳೆ ಅಂಗಡಿಯವರು ಅಡ್ಡ ಬರಲ್ಲ, ಅವರೇ ಇನ್ನೆರಡು ಪಂಪ್ ಮುಂದೆ ಇಟ್ಟು ಆರಿಸಿಕೊಳ್ಳಿ ಅಂತಾರೆ.

ಅಮೆರಿಕದಿಂದ ತರಿಸೋದು

ಅಲ್ಲಿ ಹಳೇ ಜೀಪಿನ ಸಾಮಾನು ದೊಡ್ಡ ವ್ಯಾಪಾರ. ಓಮಿಕ್ಸ್, ಕ್ರೌನ್ ಆಟೋಮೋಟಿವ್ ಥರದ ಕಂಪನಿಗಳು ಹಳೇ ವಿಲ್ಲಿಸ್‌ಗೆ ಬಿಡಿಭಾಗ ಮಾರುತ್ತವೆ. ಕ್ಯಾಟಲಾಗಿನಲ್ಲಿ ಯಾವ ವರ್ಷದ ಗಾಡಿಗೆ, ಯಾವ ಅಗಲದ ಬೆಲ್ಟಿಗೆ ಅಂತ ಬಿಡಿಸಿ ಹೇಳಿರುತ್ತಾರೆ. ಈ ಒಂದು ಅನುಕೂಲ ನಮ್ಮ ಅಂಗಡಿಗಳಲ್ಲಿ ಸಿಗಲ್ಲ.

ಆದರೆ ಪಂಪ್ ಗಟ್ಟಿ ಕಬ್ಬಿಣ. ಕೊರಿಯರ್ ಖರ್ಚು, ಕಸ್ಟಮ್ಸ್ ಸುಂಕ ಸೇರಿದರೆ ಪಂಪಿನ ಬೆಲೆ ಎಲ್ಲಿಗೋ ಹೋಗುತ್ತದೆ. ಡಲ್ಲಾಸಿನಿಂದಲೋ ನ್ಯೂಜೆರ್ಸಿಯಿಂದಲೋ ಬರುವ ನೆಂಟರ ಕೈಲಿ ತರಿಸಿದರೆ ಕೊರಿಯರ್ ಉಳಿಯಬಹುದು, ಅವರ ಬ್ಯಾಗಿನ ತೂಕ ಹೋಗುತ್ತೆ. ಕೂರದಿದ್ದರೆ ವಾಪಸ್ ಮಾಡೋದು ದೂರದ ಮಾತು. ಅಮೆರಿಕದ ಅಂಗಡಿಯಲ್ಲಿ ಕೊಂಡ ಮಾತ್ರಕ್ಕೆ ಪಂಪ್ ಅಮೆರಿಕದಲ್ಲಿ ತಯಾರಾದದ್ದು ಅಂತಲೂ ಅಲ್ಲ. ತಯಾರಿ ಎಲ್ಲಿ ಅಂತ ಓದಿ ನೋಡಿ ದುಡ್ಡು ಕೊಡಿ.

ನನ್ನ ಪ್ರಕಾರ ಇದು ಎರಡು ಥರದವರಿಗೆ ಮಾತ್ರ. ಗಾಡಿಯ ಹಳೇ ಪಂಪೇ ಕಳೆದುಹೋಗಿ ಹೋಲಿಸೋಕೆ ಏನೂ ಇಲ್ಲದವರು, ಮತ್ತು ಇಲ್ಲಿ ಹೆಚ್ಚು ಕಾಣದ ಮಾಡೆಲ್ ಇರುವವರು. ಆರು ಸಿಲಿಂಡರಿನ ವಿಲ್ಲಿಸ್ ಟ್ರಕ್ ಕೂಡ ಇತ್ತು, ಅದರ ಪಂಪ್ ಇಲ್ಲಿ ಹುಡುಕೋದು ಬಲು ಕಷ್ಟ.

ಗುಜರಿ, ಹಳೇ ಸ್ಟಾಕ್

ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಹುಡುಕೋದೇ ಒಂದು ಖುಷಿ, ಅದನ್ನ ಬೇಡ ಅನ್ನಲ್ಲ. ಅಲ್ಲಿ ಎರಡು ಥರ ಸಿಗುತ್ತದೆ. ಒಂದು, ಬಿಚ್ಚಿದ ಗಾಡಿಯ ಪಂಪ್. ಇನ್ನೊಂದು, ದಶಕಗಳಿಂದ ಡಬ್ಬಿಯಲ್ಲೇ ಉಳಿದ ಕಂಪನಿ ಮಾಲು.

ಡಬ್ಬಿ ಒಡೆಯದ ಕಂಪನಿ ಮಾಲು ಅಂದರೆ ಎಲ್ಲರಿಗೂ ಆಸೆ. ಮೇಲೆ ಮೂಲ ಲೇಬಲ್, ಎಣ್ಣೆ ಕಾಗದ ಸುತ್ತಿರೋದು. ಬೆಲೆಯೂ ಹಾಗೇ ಹೇಳ್ತಾರೆ. ಆದರೆ ಒಳಗಿನ ರಬ್ಬರಿಗೆ ಡಬ್ಬಿ ಒಡೆದಿಲ್ಲ ಅಂತ ಗೊತ್ತಿಲ್ಲ, ಅದಕ್ಕೂ ವಯಸ್ಸಾಗಿರುತ್ತದೆ. ಬೇರಿಂಗಿನ ಗ್ರೀಸ್ ಒಣಗಿರುತ್ತದೆ. ಹಾಗೇ ಕೂರಿಸಿದರೆ ಸೋರುವ ಸಾಧ್ಯತೆ ಜಾಸ್ತಿ. ಅಂದರೆ ಅದಕ್ಕೂ ಕಿಟ್ ಹಾಕಿಸಲೇಬೇಕು. ಹಾಗಿದ್ದಾಗ ನೀವು ಕೊಳ್ಳುತ್ತಿರೋದು ಒಂದು ಒಳ್ಳೆಯ ಬಾಡಿ ಮಾತ್ರ. ಬೆಲೆ ಚೌಕಾಸಿ ಮಾಡುವಾಗ ಇದು ತಲೆಯಲ್ಲಿರಲಿ.

ಬಿಚ್ಚಿದ ಗಾಡಿಯ ಪಂಪ್ ವಿಷಯದಲ್ಲಿ ಲೆಕ್ಕ ಇನ್ನೂ ಸುಲಭ. ಆಟ ಇದೆಯಾ, ಸೋರುತ್ತಾ ಅನ್ನೋದು ಬೇಡವೇ ಬೇಡ, ಹೇಗೂ ಕಿಟ್ ಹಾಕಿಸ್ತೀರಿ. ಬಾಡಿಯಲ್ಲಿ ಬಿರುಕು ಇಲ್ಲ, ಬೋಲ್ಟ್ ಕಿವಿ ಮುರಿದಿಲ್ಲ, ಹಿಂದೆ ಯಾರೂ ವೆಲ್ಡ್ ಮಾಡಿಲ್ಲ, ಇಷ್ಟು ಸಾಕು. ತೂಕದ ಲೆಕ್ಕದಲ್ಲಿ ಕೊಟ್ಟರೆ ಎತ್ತಿಕೊಂಡು ಬನ್ನಿ.

ಎಲೆಕ್ಟ್ರಿಕ್ ಪಂಪ್

ಆಸ್ಟ್ರೇಲಿಯಾದ ಡೇವಿಸ್ ಕ್ರೇಗ್ ಥರದ ಕಂಪನಿಗಳು ಇದನ್ನು ಕಿಟ್ ಮಾಡಿ ಮಾರುತ್ತವೆ. ಕೆಳಗಿನ ಹೋಸ್ ಪೈಪಿನ ನಡುವೆ ಕರೆಂಟಿನ ಪಂಪ್, ಜೊತೆಗೆ ಬಿಸಿ ನೋಡಿಕೊಂಡು ಅದನ್ನು ಓಡಿಸುವ ಕಂಟ್ರೋಲರ್. ಎಂಜಿನ್ ಆಫ್ ಆದ ಮೇಲೂ ನೀರು ಸುತ್ತಿಸಬಹುದು. ಕಾಗದದ ಮೇಲೆ ಎಲ್ಲ ಚೆನ್ನಾಗಿದೆ.

ನಮ್ಮ ಗಾಡಿಗೆ ಬಂದರೆ? ಫ್ಯಾನ್ ಪಂಪಿನ ಮೂತಿಯ ಮೇಲೇ ಇದೆ ಅಂದೆವಲ್ಲ. ಹಾಗಾಗಿ ಎಲೆಕ್ಟ್ರಿಕ್ ಪಂಪ್ ಹಾಕಿದರೂ ಹಳೇ ಪಂಪನ್ನು ಬರೀ ಫ್ಯಾನ್ ಹೊರೋಕೆ ಅಂತ ಉಳಿಸಿಕೊಳ್ಳಬೇಕು, ಅದರ ಬೇರಿಂಗೂ ಸೀಲೂ ಸರಿಯಿರಬೇಕು. ಅದು ಬೇಡ ಅಂದರೆ ಎಲೆಕ್ಟ್ರಿಕ್ ಫ್ಯಾನೂ ಹಾಕಬೇಕು. ಎರಡೂ ಸೇರಿ ಎಳೆಯುವ ಕರೆಂಟನ್ನು ಹಳೇ ಡೈನಮೋ ಕೊಡಲ್ಲ. ಡೈನಮೋ ಐಡಲ್‌ನಲ್ಲಿ ಚಾರ್ಜ್ ಮಾಡೋದೇ ಅಪರೂಪ, ಟ್ರಾಫಿಕ್ಕಲ್ಲಿ ನಿಂತಾಗಲೇ ಪಂಪ್ ಫ್ಯಾನ್ ಎರಡೂ ಬೇಕಾಗೋದು. ಹಾಗಾಗಿ ಆಲ್ಟರ್ನೇಟರ್ ಬೇಕು. ಗಾಡಿ ಇನ್ನೂ 6 ವೋಲ್ಟಿನದಾದರೆ ಮೊದಲು ಎಲ್ಲವನ್ನೂ 12 ವೋಲ್ಟ್ ಮಾಡಬೇಕು. ವೈರಿಂಗ್ ಹೊಸದು, ರಿಲೇ, ಫ್ಯೂಸ್. ಒಂದು ಸೀಲ್ ಬದಲಿಸೋಕೆ ಹೋದವರು ಅರ್ಧ ಗಾಡಿ ಬದಲಿಸಿ ಬರ್ತಾರೆ.

ಈಗಾಗಲೇ ಎಂಜಿನ್, ವೈರಿಂಗ್ ಎಲ್ಲ ಬದಲಾಗಿರುವ, ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ದಿನವೂ ಓಡುವ ಗಾಡಿಗೆ ಇದನ್ನು ಯೋಚಿಸಬಹುದು. ಮಿಕ್ಕವರಿಗೆ ನಾನು ಬೇಡ ಅಂತೀನಿ. ತೋಟದ ಗಾಡಿಗಂತೂ ಖಂಡಿತ ಬೇಡ. ಸಕಲೇಶಪುರದಾಚೆ ಯಾವುದೋ ತಿರುವಿನಲ್ಲಿ ಕಂಟ್ರೋಲರ್ ಕೈಕೊಟ್ಟರೆ ಅಲ್ಲಿ ಯಾವ ಮೇಸ್ತ್ರಿ ಏನು ಮಾಡಿಯಾರು?

ಹಾಗಾದರೆ ಯಾರಿಗೆ ಯಾವುದು

ದಿನವೂ ದುಡಿಯುವ ತೋಟದ ಪಿಕಪ್, ಕೈಯಲ್ಲಿ ದುಡ್ಡು ಬಿಗಿ: ಹಳೇದನ್ನು ಕಟ್ಟಿಸಿ. ಗಾಡಿ ಎರಡು ದಿನವೂ ನಿಲ್ಲುವ ಹಾಗಿಲ್ಲ ಅಂದರೆ ಇಲ್ಲೇ ಸಿಗುವ ಹೊಸದನ್ನು ಪರೀಕ್ಷೆ ಮಾಡಿ ಹಾಕಿ, ಹಳೇದನ್ನು ಬಿಡುವಾಗಿ ಕಟ್ಟಿಸಿ ಇಟ್ಟುಕೊಳ್ಳಿ. ಸ್ವಲ್ಪ ಜಾಸ್ತಿ ಖರ್ಚಾದರೂ ನನಗೆ ಎಲ್ಲಕ್ಕಿಂತ ಇಷ್ಟವಾದ ಏರ್ಪಾಡು ಇದೇ.

ವಿಎ ನಂಬರಿನ ಯೋಚನೆ ಇರುವವರು, ರ‍್ಯಾಲಿಗೆ ಒಯ್ಯುವವರು ಮೂಲ ಬಾಡಿಯನ್ನು ಬಿಡಬೇಡಿ. ಅದು ಬಿರುಕು ಬಿಟ್ಟಿದ್ದರೆ ಗುಜರಿಯಲ್ಲಿ ಅದೇ ಥರದ ಬಾಡಿ ಹುಡುಕಿ ಕಿಟ್ ಹಾಕಿಸಿ. ನಿಮಗೆ ಅವಸರ ಇಲ್ಲ, ಹುಡುಕೋಕೆ ಸಮಯ ಇದೆ. ವರ್ಷಕ್ಕೆ ನಾಲ್ಕಾರು ಸಲ ಓಡುವ ಗಾಡಿಯಲ್ಲಿ ಸೀಲ್ ಓಡಿ ಸವೆಯೋದಕ್ಕಿಂತ ನಿಂತೇ ಒಣಗಿ ಹಾಳಾಗೋದು ಜಾಸ್ತಿ. ಆಗಾಗ ಸ್ಟಾರ್ಟ್ ಮಾಡಿ, ಥರ್ಮೋಸ್ಟಾಟ್ ತೆರೆಯುವಷ್ಟು ಬಿಸಿಯಾಗಲು ಬಿಡಿ.

ಘಾಟಿ ಓಡಾಟದವರು ಪಂಪಿಗೆ ಹಾಕುವ ದುಡ್ಡಿನಲ್ಲಿ ಸ್ವಲ್ಪ ರೇಡಿಯೇಟರ್ ಸಾಫ್ ಮಾಡಿಸೋಕೂ ಎತ್ತಿಡಿ. ಅರ್ಧ ಕಟ್ಟಿಕೊಂಡ ರೇಡಿಯೇಟರಿಗೆ ಎಂಥ ಪಂಪೂ ಸಾಲಲ್ಲ.

ಕೂರಿಸುವಾಗ

ಯಾವುದನ್ನೇ ಆರಿಸಿ, ಕೂರಿಸೋದು ಕೆಟ್ಟರೆ ಎಲ್ಲ ಕೆಟ್ಟ ಹಾಗೆ. ಬ್ಯಾಟರಿ ವೈರ್ ಬಿಚ್ಚಿ. ರೇಡಿಯೇಟರಿನ ಕೆಳಗಿನ ನಲ್ಲಿ, ಬ್ಲಾಕಿನ ನಲ್ಲಿ ಎರಡೂ ತೆರೆದು ನೀರು ಬಸಿಯಿರಿ. ಬ್ಲಾಕಿನ ನಲ್ಲಿಯಿಂದ ನೀರೇ ಬರದಿದ್ದರೆ ಒಳಗೆ ಕೆಸರು ಕೂತಿದೆ, ತಂತಿ ಹಾಕಿ ಕೆದಕಿ. ಡೈನಮೋ ಸಡಿಲಿಸಿ ಬೆಲ್ಟ್ ತೆಗೆದು, ಫ್ಯಾನ್ ಬಿಚ್ಚಿ. ಎಫ್‌ಸಿ-150ರಲ್ಲಿ ಎಂಜಿನ್ ಕ್ಯಾಬಿನ್ನಿನೊಳಗಿನ ಮುಚ್ಚಳದ ಕೆಳಗಿದೆ. ಕೈ ಹಾಕೋಕೆ ಜಾಗ ಕಮ್ಮಿ, ಸಮಯ ಜಾಸ್ತಿ ಇಟ್ಟುಕೊಳ್ಳಿ. ಬೋಲ್ಟುಗಳೆಲ್ಲ ಇಂಚಿನವು. ಮಿಲಿಮೀಟರ್ ಸ್ಪ್ಯಾನರ್ ಹಾಕಿ ಮೂಲೆ ಉರುಟು ಮಾಡಬೇಡಿ. ಬಿಗಿದು ಕೂತ ಬೋಲ್ಟಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಮುರಿದರೆ ಬ್ಲಾಕಿನಲ್ಲಿ ಡ್ರಿಲ್ ಹಾಕಿಸೋ ಕೆಲಸ.

ಬ್ಲಾಕಿನ ಮುಖದಲ್ಲಿ ಹಳೇ ಪ್ಯಾಕಿಂಗ್ ಚೂರೂ ಉಳಿಯಬಾರದು. ಹೊಸ ಪೇಪರ್ ಪ್ಯಾಕಿಂಗಿಗೆ ತೆಳ್ಳಗೆ ಗಮ್ ಸವರಿದರೆ ಸಾಕು. ಟ್ಯೂಬ್ ಪೂರ್ತಿ ಹಿಂಡಿದರೆ ಒಳಗೆ ಉಬ್ಬಿದ ಗಮ್ ಕಿತ್ತು ರೇಡಿಯೇಟರಿನ ಕೊಳವೆ ಸೇರುತ್ತದೆ. ಯಾವುದಾದರೂ ಬೋಲ್ಟ್ ತೂತಿನಿಂದ ನೀರು ಬರುತ್ತಿದ್ದರೆ ಆ ಬೋಲ್ಟಿನ ಥ್ರೆಡ್ಡಿಗೂ ಗಮ್ ಹಚ್ಚಿ. ಬೋಲ್ಟುಗಳನ್ನು ಸುತ್ತಲೂ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ, ಒಂದನ್ನೇ ಪೂರ್ತಿ ಬಿಗಿದರೆ ಎರಕದ ಕಿವಿ ಒಡೆಯುತ್ತದೆ.

ಬೆಲ್ಟ್ ವೀಣೆಯ ತಂತಿಯಂತೆ ಬಿಗಿದು "ಈಗ ಜಾರಲ್ಲ" ಅನ್ನೋದು ಹೊಸ ಬೇರಿಂಗಿಗೆ ಮಾಡುವ ದೊಡ್ಡ ಅನ್ಯಾಯ. ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸ್ವಲ್ಪ ಬಗ್ಗಬೇಕು. ರೇಡಿಯೇಟರ್ ಮುಚ್ಚಳವೂ ಮೂಲ ಒತ್ತಡದ್ದೇ ಇರಲಿ. ಹೊಸ ಕಾರಿನ ಮುಚ್ಚಳ ಕೂರುತ್ತೆ ಅಂತ ಹಾಕಿದರೆ ಅದರ ಜಾಸ್ತಿ ಒತ್ತಡ ಹಳೇ ರೇಡಿಯೇಟರಿನ ಬೆಸುಗೆಯನ್ನೂ ಹೊಸ ಸೀಲನ್ನೂ ತಳ್ಳುತ್ತದೆ.

ನಮ್ಮಲ್ಲಿ ನೀರು ಹೆಪ್ಪುಗಟ್ಟಲ್ಲ, ಕೂಲೆಂಟ್ ಯಾಕೆ ಅಂತ ಕೇಳ್ತಾರೆ. ತುಕ್ಕು ತಡೆಯೋಕೆ. ಬೋರ್‌ವೆಲ್ ನೀರಿನ ಸುಣ್ಣ ಸೀಲಿನ ಮುಖವನ್ನೇ ಕೆರೆಯುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಜೊತೆ ಹಳೇ ಥರದ ಹಸಿರು ಕೂಲೆಂಟ್ ಬೆರೆಸಿ ಹಾಕಿ. ತಾಮ್ರ-ಹಿತ್ತಾಳೆಯ ರೇಡಿಯೇಟರಿಗೆ ಅದು ಒಗ್ಗುತ್ತದೆ.

ಸ್ಟಾರ್ಟ್ ಮಾಡಿದ ಮೇಲೆ ಹೊಸ ಸೀಲ್ ಮೊದಲಿಗೆ ಒಂದೆರಡು ಹನಿ ಬಿಡಬಹುದು, ಗಾಬರಿ ಬೇಡ. ಓಡಿದ ಮೇಲೂ ಕೆಳಗಿನ ತೂತಿನಿಂದ ಬಿಡದೆ ತೊಟ್ಟಿಕ್ಕುತ್ತಿದ್ದರೆ ಬಿಲ್ ಹಿಡಿದು ಅಂಗಡಿಗೆ ಹೋಗಿ. ಹೊಸ ಬೆಲ್ಟ್ ಹಾಕಿದ್ದರೆ ಮೊದಲ ವಾರ ಹಿಗ್ಗುತ್ತದೆ, ಇನ್ನೊಮ್ಮೆ ಬಿಗಿ ಮಾಡಿ. ಹೋಸ್ ಪೈಪಿನ ಕ್ಲಿಪ್ಪುಗಳನ್ನೂ ಆಗಲೇ ಒಂದು ಸುತ್ತು ನೋಡಿಬಿಡಿ.